ಕ್ಯಾರಿ ಗ್ರಾಂಟ್ ಸಿನಿಮಾ ನೋಡಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಹಾಲಿವುಡ್‌ನ ಪ್ರೇಮ-ಹಾಸ್ಯ ಚಿತ್ರಗಳ ಪಟ್ಟಿಯನ್ನು ಯಾರೇ ಮಾಡಲಿ, ಐದಾರು ಕಡೆ ನಟ ಕ್ಯಾರಿ ಗ್ರಾಂಟ್ ಹೆಸರು ಬಂದೇ ಬರುತ್ತದೆ. ಎಲ್ಲಿಂದ ಹಿಡಿಯಬೇಕು, ಯಾವ ಪ್ರಿಂಟ್ ನೋಡಬೇಕು, ಅಷ್ಟು ವೇಗದ ಇಂಗ್ಲಿಷ್ ತಲೆಗೆ ಹೋಗುವುದು ಹೇಗೆ ಎಂಬ ಪ್ರಶ್ನೆಗಳೇ ಹೆಚ್ಚು. ಯಾವ ಚಿತ್ರದ ಕೊನೆಯನ್ನೂ ಇಲ್ಲಿ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಬಹುದು.

ಮೊದಲು ಯಾವ ಸಿನಿಮಾ ನೋಡಲಿ?

‘ಶರೇಡ್’ (1963). ಬಣ್ಣದ ಚಿತ್ರ, 113 ನಿಮಿಷ, ಪ್ಯಾರಿಸ್ ನಗರ, ಎದುರಿಗೆ ಆಡ್ರಿ ಹೆಪ್‌ಬರ್ನ್. ಗಂಡನ ಕೊಲೆಯಾಗಿದೆ, ಅವನು ಬಚ್ಚಿಟ್ಟ ಹಣಕ್ಕಾಗಿ ಮೂವರು ಹೆಂಡತಿಯ ಬೆನ್ನು ಹತ್ತಿದ್ದಾರೆ, ಸಹಾಯಕ್ಕೆ ಬಂದವನನ್ನು ನಂಬಬೇಕೋ ಬೇಡವೋ ತಿಳಿಯದು. ಮಾತಿನ ಹಾಸ್ಯ ಅರ್ಧ ಕೈತಪ್ಪಿದರೂ ಕಥೆಯ ಕುತೂಹಲ ನಿಮ್ಮನ್ನು ಕೂರಿಸುತ್ತದೆ. ಕಪ್ಪು-ಬಿಳುಪು ಚಿತ್ರ ನೋಡಿ ಅಭ್ಯಾಸವಿಲ್ಲದವರಿಗೆ ಇದೇ ಸಲೀಸು.

ಆಮೇಲೆ ‘ದಿ ಆಫುಲ್ ಟ್ರೂತ್’ (1937), ‘ನಟೋರಿಯಸ್’ (1946), ‘ಹಿಸ್ ಗರ್ಲ್ ಫ್ರೈಡೇ’ (1940), ‘ದಿ ಫಿಲಡೆಲ್ಫಿಯಾ ಸ್ಟೋರಿ’ (1940), ‘ಬ್ರಿಂಗಿಂಗ್ ಅಪ್ ಬೇಬಿ’ (1938) ಈ ಕ್ರಮದಲ್ಲಿ ಹೋಗಿ. ವಾರಕ್ಕೊಂದು ಸಾಕು. ಒಂದೇ ರಾತ್ರಿ ಎರಡು ಸ್ಕ್ರೂಬಾಲ್ ಚಿತ್ರ (ಹಾಗೆಂದರೇನು ಎಂಬುದು ಮುಂದಿದೆ) ನೋಡಿದರೆ ಎರಡನೆಯದು ಬರೀ ಗಲಾಟೆಯಂತೆ ಕೇಳುತ್ತದೆ. ತಪ್ಪು ಚಿತ್ರದ್ದಲ್ಲ, ಸುಸ್ತಾದ ಕಿವಿಯದ್ದು.

ಪಟ್ಟಿಗಳಲ್ಲೆಲ್ಲ ‘ಬ್ರಿಂಗಿಂಗ್ ಅಪ್ ಬೇಬಿ’ ಮೇಲೆ ಇರುತ್ತದೆ. ಅದನ್ನೇಕೆ ಕೊನೆಗೆ ತಳ್ಳಿದ್ದೀರಿ?

ಅದರಲ್ಲಿ ಉಸಿರು ಬಿಡಲು ಜಾಗವಿಲ್ಲ. ಡೈನೋಸಾರ್ ಅಸ್ಥಿಪಂಜರಕ್ಕೆ ಬೇಕಾದ ಕೊನೆಯ ಎಲುಬು, ಅದನ್ನು ಕಚ್ಚಿಕೊಂಡು ಹೋಗುವ ನಾಯಿ, ಒಂದು ಸಾಕಿದ ಚಿರತೆ, ಮೈಮೇಲೆ ಬಿದ್ದು ಪ್ರೀತಿಸುವ ಶ್ರೀಮಂತರ ಹುಡುಗಿ, ಎಲ್ಲ 102 ನಿಮಿಷದೊಳಗೆ. ಚಿತ್ರದಲ್ಲಿ ತಲೆ ನೆಟ್ಟಗಿರುವ ಒಬ್ಬನೂ ಇಲ್ಲ. ಮೊದಲ ಸಲ ನೋಡುವವರು ಸುಮಾರು 40ನೇ ನಿಮಿಷಕ್ಕೆ ‘ಇದೇನು ಗೋಳು’ ಎಂದು ಎದ್ದುಬಿಡುತ್ತಾರೆ. 1938ರಲ್ಲಿ ಬಿಡುಗಡೆಯಾದಾಗಲೂ ಓಡಲಿಲ್ಲ. ಅದೇ ವರ್ಷ ಚಿತ್ರಮಂದಿರದ ಮಾಲೀಕರ ಸಂಘವೊಂದು ಇದರ ನಾಯಕಿ ಕ್ಯಾಥರಿನ್ ಹೆಪ್‌ಬರ್ನ್ ಹೆಸರನ್ನು ‘ಗಲ್ಲಾಪೆಟ್ಟಿಗೆಗೆ ವಿಷ’ ಎಂಬ ಪಟ್ಟಿಗೆ ಸೇರಿಸಿತು. ಗ್ರಾಂಟ್ ಅವರ ಲಯ ಒಮ್ಮೆ ಕಿವಿಗೆ ಕೂತ ಮೇಲೆ ಇದನ್ನು ನೋಡಿ, ಆಗ ಬೇರೆಯದೇ ಚಿತ್ರ.

(ಅದರಲ್ಲಿರುವ ನಾಯಿ ಸ್ಕಿಪ್ಪಿ. ‘ದಿ ಆಫುಲ್ ಟ್ರೂತ್’ನಲ್ಲಿ ಗಂಡ-ಹೆಂಡತಿ ಕೋರ್ಟಿನಲ್ಲಿ ಯಾವ ನಾಯಿಗಾಗಿ ಕಿತ್ತಾಡುತ್ತಾರೋ ಅದೂ ಇದೇ.)

ಸ್ಕ್ರೂಬಾಲ್ ಕಾಮಿಡಿ ಎಂದರೆ ಏನು?

ಬೇಸ್‌ಬಾಲ್‌ನಲ್ಲಿ ನಿರೀಕ್ಷೆಗೆ ಎದುರು ದಿಕ್ಕಿಗೆ ತಿರುಗುವ ಎಸೆತಕ್ಕೆ ಸ್ಕ್ರೂಬಾಲ್ ಎನ್ನುತ್ತಾರೆ. ಕ್ರಿಕೆಟ್ ಕಣ್ಣಿನಿಂದ ನೋಡಿದರೆ ಗೂಗ್ಲಿಯ ಸೋದರಸಂಬಂಧಿ. ಗಂಡು-ಹೆಣ್ಣಿನ ಜಗಳವೇ ಪ್ರೇಮ, ಮಾತೇ ಕತ್ತಿವರಸೆ, ಶ್ರೀಮಂತರೇ ಮಂಗಗಳು ಎಂಬ ಬಗೆಯ ಚಿತ್ರಗಳಿಗೆ ಈ ಹೆಸರು ಬಿತ್ತು. ಕ್ಲಾರ್ಕ್ ಗೇಬಲ್ ಅವರ ‘ಇಟ್ ಹ್ಯಾಪನ್ಡ್ ಒನ್ ನೈಟ್’ (1934) ಐದು ಆಸ್ಕರ್ ಬಾಚಿದ ಮೇಲೆ ಎಲ್ಲ ಸ್ಟುಡಿಯೋಗಳೂ ಇದರ ಹಿಂದೆ ಬಿದ್ದವು. ಹಿಂದಿಯ ‘ಚೋರಿ ಚೋರಿ’ (1956) ಮತ್ತು ‘ದಿಲ್ ಹೈ ಕೆ ಮಾನ್‌ತಾ ನಹೀಂ’ (1991) ನೋಡಿದ್ದರೆ ಅದರ ಕಥೆ ನಿಮಗೆ ಆಗಲೇ ಗೊತ್ತು.

ಅದೇ 1934ರ ಮಧ್ಯದಿಂದ ಪ್ರೊಡಕ್ಷನ್ ಕೋಡ್ ಎಂಬ ನೀತಿಸಂಹಿತೆ ಬಿಗಿಯಾಯಿತು. ಹಾಸಿಗೆ ತೋರಿಸುವಂತಿಲ್ಲ, ಅಕ್ರಮ ಸಂಬಂಧವನ್ನು ಚೆಂದವಾಗಿ ಕಾಣಿಸುವಂತಿಲ್ಲ. ಬರಹಗಾರರು ಪಕ್ಕದ ಬಾಗಿಲು ಹುಡುಕಿದರು: ಡೈವೋರ್ಸ್ ಆದ ಅಥವಾ ಆಗುತ್ತಿರುವ ಜೋಡಿಯನ್ನೇ ಮತ್ತೆ ಪ್ರೀತಿಗೆ ಬೀಳಿಸಿದರೆ ಯಾರೂ ಆಕ್ಷೇಪಿಸುವಂತಿಲ್ಲವಲ್ಲ! ‘ದಿ ಆಫುಲ್ ಟ್ರೂತ್’, ‘ಹಿಸ್ ಗರ್ಲ್ ಫ್ರೈಡೇ’, ‘ದಿ ಫಿಲಡೆಲ್ಫಿಯಾ ಸ್ಟೋರಿ’ ಮೂರರಲ್ಲೂ ಗ್ರಾಂಟ್ ಮಾಜಿ ಗಂಡ, ಇಲ್ಲವೇ ಇನ್ನೇನು ಮಾಜಿಯಾಗಲಿರುವ ಗಂಡ. ಮೂರರಲ್ಲೂ ಹೆಂಡತಿಗೆ ಹೊಸ ವರ ಸಿದ್ಧ. ಈ ಮೂರನ್ನು ಬೆನ್ನುಬೆನ್ನಿಗೆ ನೋಡಿದರೆ ಅಚ್ಚು ಒಂದೇ, ಕಡುಬು ಬೇರೆ ಬೇರೆ.

ಎಲ್ಲ ಚಿತ್ರದಲ್ಲೂ ಅವರು ಒಂದೇ ಥರ ಕಾಣಿಸುತ್ತಾರೆ. ನಟನೆ ಎಲ್ಲಿದೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮುಖ ನೋಡುತ್ತಾ ಕೂತರೆ ಹಾಗೇ ಅನಿಸುತ್ತದೆ. ಮುಖ ಬಿಟ್ಟು ಮೈ ನೋಡಿ.

ಈತ 1904ರ ಜನವರಿ 18ರಂದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಆರ್ಚಿಬಾಲ್ಡ್ ಲೀಚ್. ಹದಿಹರೆಯದಲ್ಲೇ ಬಾಬ್ ಪೆಂಡರ್ ಎಂಬುವರ ತಂಡ ಸೇರಿ ಲಾಗ ಹಾಕುವುದು, ಮರಗಾಲು ಕಟ್ಟಿಕೊಂಡು ನಡೆಯುವುದು, ಮೂಕಾಭಿನಯ ಎಲ್ಲ ಕಲಿತರು. 1920ರಲ್ಲಿ ತಂಡದ ಜೊತೆ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದರು. 1932ರಲ್ಲಿ ಮೊದಲ ಪೂರ್ಣ ಚಿತ್ರಕ್ಕೆ ಬಣ್ಣ ಹಚ್ಚುವ ಹೊತ್ತಿಗೆ ಹತ್ತು ವರ್ಷಕ್ಕೂ ಮಿಗಿಲಾಗಿ ರಂಗದ ಮೇಲೆ ಬಿದ್ದೆದ್ದಿದ್ದ ಮೈ ಅದು. ಕಂಪನಿ ನಾಟಕದಲ್ಲಿ ಪಳಗಿದ ನಟ ಸಿನಿಮಾಕ್ಕೆ ಬಂದರೆ ನಿಲುವಿನಲ್ಲೇ ಗೊತ್ತಾಗುತ್ತದಲ್ಲ, ಹಾಗೆ.

‘ದಿ ಆಫುಲ್ ಟ್ರೂತ್’ನಲ್ಲಿ ಒಂದು ದೃಶ್ಯ. ಹೆಂಡತಿ (ಐರೀನ್ ಡನ್) ಇನ್ನೊಬ್ಬನ ಜೊತೆ ಏಕಾಂತದಲ್ಲಿದ್ದಾಳೆಂದು ಅನುಮಾನಪಟ್ಟು ಗಂಡ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗುತ್ತಾನೆ. ಒಳಗೆ ನೋಡಿದರೆ ಸಂಗೀತ ಕಚೇರಿ! ಸಾಲಾಗಿ ಕೂತ ಸಭಿಕರು, ಪಿಯಾನೋ ಪಕ್ಕ ಹಾಡುತ್ತಿರುವ ಹೆಂಡತಿ. ಮುಖ ಉಳಿಸಿಕೊಳ್ಳಲು ಹಿಂದಿನ ಕುರ್ಚಿಯಲ್ಲಿ ಕೂತು, ಏನೂ ಆಗಿಲ್ಲವೆಂಬಂತೆ ಕುರ್ಚಿಯನ್ನು ಹಿಂದಕ್ಕೆ ವಾಲಿಸುತ್ತಾನೆ. ಕುರ್ಚಿ ಜಾರುತ್ತದೆ. ಇಲ್ಲಿ ಬೇರೆ ನಟನಾದರೆ ಧಡ್ಡನೆ ಬಿದ್ದು ನಗು ಗಿಟ್ಟಿಸಿ ಮುಗಿಸುತ್ತಿದ್ದ. ಗ್ರಾಂಟ್ ಬೀಳುವುದು ಕಂತುಗಳಲ್ಲಿ: ಮೊದಲು ಕುರ್ಚಿ, ಆಮೇಲೆ ಕೈಗೆ ಸಿಕ್ಕ ಪುಟ್ಟ ಮೇಜು, ಏಳಲು ಹೋದಾಗ ಮತ್ತೊಂದಿಷ್ಟು ಸದ್ದು. ಪ್ರತಿ ಕಂತಿನ ನಡುವೆಯೂ ಮರ್ಯಾದಸ್ಥನಂತೆ ಕಾಣುವ ಪ್ರಯತ್ನ. ಅತ್ತ ಡನ್ ಕೊನೆಯ ಸ್ವರವನ್ನು ಎಳೆಯುತ್ತಾ ಅದನ್ನೇ ಸಣ್ಣ ನಗುವಾಗಿಸಿ ಹಾಡು ಮುಗಿಸುತ್ತಾರೆ. ಆ ನಗುವಿನಲ್ಲಿ ಅವಳಿಗೆ ಇನ್ನೂ ಇವನ ಮೇಲೆ ಪ್ರೀತಿ ಇದೆ ಎಂದು ನಮಗೆ ತಿಳಿದುಹೋಗುತ್ತದೆ. ಒಂದು ಮಾತೂ ಇಲ್ಲ.

ಎರಡನೆಯದಾಗಿ, ಎದುರಿನವರು ಮಾತಾಡುವಾಗ ಗ್ರಾಂಟ್ ಏನು ಮಾಡುತ್ತಿದ್ದಾರೆ ನೋಡಿ. ‘ದಿ ಫಿಲಡೆಲ್ಫಿಯಾ ಸ್ಟೋರಿ’ಯಲ್ಲಿ ಕುಡಿದ ಜೇಮ್ಸ್ ಸ್ಟೀವರ್ಟ್ ರಾತ್ರಿ ಬಂದು ಬಾಗಿಲು ತಟ್ಟುವ ದೃಶ್ಯವಿದೆ. ಸ್ಟೀವರ್ಟ್ ಮುಂಚೆ ಹೇಳದೆ ಒಂದು ಬಿಕ್ಕಳಿಕೆ ಹಾಕಿಬಿಟ್ಟರು. ಗ್ರಾಂಟ್ ಪಾತ್ರ ಬಿಡದೆ ಮೆಲ್ಲಗೆ ‘ಎಕ್ಸ್‌ಕ್ಯೂಸ್ ಮಿ’ ಎಂದು ತಾವೇ ಕ್ಷಮೆ ಕೇಳಿ ತಲೆ ತಗ್ಗಿಸುತ್ತಾರೆ. ತುಟಿಯಂಚಿನಲ್ಲಿ ಅದುಮಿಟ್ಟ ನಗು ಕಾಣುತ್ತದೆ. ಆ ಚಿತ್ರಕ್ಕೆ ಆಸ್ಕರ್ ಸ್ಟೀವರ್ಟ್‌ಗೆ ಹೋಯಿತು. ಆ ದೃಶ್ಯವನ್ನು ಹೊತ್ತದ್ದು ಕೇಳಿಸಿಕೊಳ್ಳುತ್ತಿದ್ದವರು ಎಂಬುದು ನಮ್ಮ ವಾದ.

ಮೂರನೆಯದು, ಮಾನ ಕಳೆದುಕೊಳ್ಳುವ ಧೈರ್ಯ. ಆ ಕಾಲದ ಸುಂದರಾಂಗ ಹೀರೋಗಳು ತಮ್ಮ ಕೋಟಿನ ಇಸ್ತ್ರಿ ಕೆಡದಂತೆ ನೋಡಿಕೊಳ್ಳುತ್ತಿದ್ದಾಗ ಈತ ಬಿದ್ದರು, ಒದ್ದೆಯಾದರು, ತುಪ್ಪಳದ ಅಂಚಿನ ಹೆಂಗಸರ ಗೌನು ತೊಟ್ಟು ಬಾಗಿಲು ತೆರೆದರು. ‘ಬ್ರಿಂಗಿಂಗ್ ಅಪ್ ಬೇಬಿ’ಯ ಹೋಟೆಲ್ ದೃಶ್ಯದಲ್ಲಿ ನಾಯಕಿಯ ಗೌನಿನ ಹಿಂಭಾಗ ಹರಿದುಹೋಗುತ್ತದೆ. ಅವಳಿಗೆ ಗೊತ್ತಿಲ್ಲ. ಇವನು ಟೋಪಿ ಅಡ್ಡ ಹಿಡಿದು, ಕೊನೆಗೆ ಅವಳ ಬೆನ್ನಿಗೆ ಅಂಟಿಕೊಂಡು, ಎಡಗಾಲಿಗೆ ಎಡಗಾಲು ಬಲಗಾಲಿಗೆ ಬಲಗಾಲು ಹಾಕುತ್ತಾ ಇಬ್ಬರೂ ಕವಾಯತಿನಂತೆ ಹೊರನಡೆಯುತ್ತಾರೆ. ಆ ನಡಿಗೆಯಲ್ಲಿ ಒಂದು ಹೆಜ್ಜೆ ಹಿಂದುಮುಂದಾದರೂ ದೃಶ್ಯ ಸತ್ತಂತೆಯೇ. ‘ಹಾಲಿಡೇ’ (1938) ಚಿತ್ರದಲ್ಲಂತೂ ನೇರವಾಗಿ ಲಾಗವನ್ನೇ ಹಾಕುತ್ತಾರೆ.

‘ಹಿಸ್ ಗರ್ಲ್ ಫ್ರೈಡೇ’ಯ ಮಾತು ಅರ್ಥವೇ ಆಗುವುದಿಲ್ಲ. ಏನು ಮಾಡಲಿ?

ನಿಮ್ಮ ಇಂಗ್ಲಿಷ್ ತಪ್ಪಲ್ಲ. ಸಿನಿಮಾ ಚಿತ್ರಕಥೆಯ ಒಂದು ಪುಟಕ್ಕೆ ಒಂದು ನಿಮಿಷ ಎಂಬುದು ರೂಢಿ. ಇದರ ಚಿತ್ರಕಥೆ ಸುಮಾರು 190 ಪುಟ, ಚಿತ್ರ 92 ನಿಮಿಷ. ಅಂದರೆ ಎರಡರಷ್ಟು ವೇಗ. ಸಾಲದ್ದಕ್ಕೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಹತ್ತಿಸುತ್ತಾರೆ.

ಇದರಲ್ಲೊಂದು ಕಸುಬಿನ ಗುಟ್ಟಿದೆ. ನಿರ್ದೇಶಕ ಹೊವರ್ಡ್ ಹಾಕ್ಸ್ ಪ್ರತಿ ಸಂಭಾಷಣೆಯ ಮೊದಲಿಗೂ ಕೊನೆಗೂ ಬೇಡದ ಪದಗಳನ್ನು ಸೇರಿಸಿಡುತ್ತಿದ್ದರು. ಮಾತಿನ ಮೇಲೆ ಮಾತು ಬಿದ್ದಾಗ ಮುಚ್ಚಿಹೋಗುವುದು ಆ ಜೊಳ್ಳು ಮಾತ್ರ, ಕಾಳು ನಡುವೆ ಸುರಕ್ಷಿತ. ಆದ್ದರಿಂದ ಪ್ರತಿ ಪದ ಹಿಡಿಯುವ ಹಟ ಬಿಡಿ, ವಾಕ್ಯದ ನಡು ಸಿಕ್ಕರೆ ಸಾಕು.

ನೋಡುವ ಕ್ರಮ ಹೀಗಿರಲಿ. ಮೊದಲ ಸಲ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಪೂರ್ತಿ ನೋಡಿ; ನಿಲ್ಲಿಸಿ ಹಿಂದೆ ಹೋಗಬೇಡಿ, ನಿಲ್ಲಿಸಿದರೆ ಲಯ ಒಡೆಯುತ್ತದೆ. ಎರಡು-ಮೂರು ದಿನ ಬಿಟ್ಟು ಎರಡು ತುಣುಕು ಮಾತ್ರ ಸಬ್‌ಟೈಟಲ್ ಇಲ್ಲದೆ ನೋಡಿ: ಶುರುವಿನಲ್ಲಿ ನಾಯಕಿ (ರೊಸಲಿಂಡ್ ರಸೆಲ್) ಪತ್ರಿಕಾ ಕಚೇರಿಗೆ ಬಂದು ಮಾಜಿ ಗಂಡನಾದ ಸಂಪಾದಕನ ಎದುರು ನಿಲ್ಲುವುದು, ಮತ್ತು ಅದಾದ ಮೇಲೆ ಅವಳ ಹೊಸ ವರನೂ ಸೇರಿ ಮೂವರೂ ಹೋಟೆಲಿನಲ್ಲಿ ಊಟಕ್ಕೆ ಕೂರುವುದು. ಊಟದ ಮೇಜಿನಲ್ಲಿ ಗ್ರಾಂಟ್ ಹೊಸ ವರನನ್ನು ಹೊಗಳುತ್ತಾ ಹೊಗಳುತ್ತಾ ಹೇಗೆ ನೆಲಕ್ಕಿಳಿಸುತ್ತಾರೆ ಎಂಬುದು ಎರಡನೇ ಸಲವೇ ಸರಿಯಾಗಿ ಕಾಣುವುದು.

ಸಬ್‌ಟೈಟಲ್ ಸ್ವಲ್ಪ ಮುಂದೆ ಅಥವಾ ಹಿಂದೆ ಓಡುತ್ತಿದ್ದರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ಜಿ ಮತ್ತು ಎಚ್ ಕೀಲಿ ಒತ್ತಿ. ಒಂದೊಂದು ಸಲಕ್ಕೆ 50 ಮಿಲಿಸೆಕೆಂಡ್ ಸರಿಯುತ್ತದೆ. ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ನಿಮಿಷಗಟ್ಟಲೆ ತಪ್ಪಿದರೆ ಈ ಕೀಲಿಗಳಿಂದ ಪ್ರಯೋಜನವಿಲ್ಲ. ಅದು ವೇಗದ ವ್ಯತ್ಯಾಸ: ಚಿತ್ರ ಸೆಕೆಂಡಿಗೆ 24 ಫ್ರೇಮ್, ಸಬ್‌ಟೈಟಲ್ ತಯಾರಾದದ್ದು 25 ಫ್ರೇಮ್‌ನ ಪಾಲ್ (ಯುರೋಪ್, ಭಾರತದ ಹಳೆ ಟಿವಿ ಪದ್ಧತಿ) ಡಿವಿಡಿಗೆ, ಅಥವಾ ಅದರ ಉಲ್ಟಾ. 92 ನಿಮಿಷದಲ್ಲಿ ಹೆಚ್ಚುಕಡಿಮೆ ನಾಲ್ಕು ನಿಮಿಷದ ಅಂತರ ಬೀಳುತ್ತದೆ. ನಿಮ್ಮ ಪ್ರಿಂಟಿಗೆ ಹೊಂದುವ ಬೇರೆ ಸಬ್‌ಟೈಟಲ್ ಫೈಲ್ ಹುಡುಕುವುದೇ ಸುಲಭದ ದಾರಿ.

ಕೆಲವು ಚಿತ್ರಗಳು ಇಂಟರ್‌ನೆಟ್‌ನಲ್ಲಿ ಉಚಿತವಾಗಿವೆ. ಕಾನೂನುಬದ್ಧವೇ? ಚೆನ್ನಾಗಿವೆಯೇ?

‘ಶರೇಡ್’, ‘ಹಿಸ್ ಗರ್ಲ್ ಫ್ರೈಡೇ’, ‘ಪೆನ್ನಿ ಸೆರೆನೇಡ್’ ಮೂರೂ ಅಮೆರಿಕದಲ್ಲಿ ಕಾಪಿರೈಟ್ ಕಳೆದುಕೊಂಡ ಚಿತ್ರಗಳು. ಅಂದಿನ ಕಾನೂನಿನಂತೆ 28 ವರ್ಷಕ್ಕೆ ನವೀಕರಿಸಬೇಕಿತ್ತು. ಕೊನೆಯ ಎರಡಕ್ಕೆ ಯಾರೂ ಮಾಡಿಸಲಿಲ್ಲ. ‘ಶರೇಡ್’ನದು ಇನ್ನೂ ತಮಾಷೆ. ಟೈಟಲ್ ಕಾರ್ಡಿನಲ್ಲಿ ‘ಕಾಪಿರೈಟ್’ ಎಂಬ ಪದವೋ ಚಿಹ್ನೆಯೋ ಇರಲೇಬೇಕಿತ್ತು, ಹಾಕಲು ಮರೆತರು. ಬಿಡುಗಡೆಯ ದಿನವೇ ಚಿತ್ರ ಎಲ್ಲರ ಸೊತ್ತಾಯಿತು.

ಕಾನೂನಿನ ತೊಡಕಿಲ್ಲದ್ದರಿಂದಲೇ ಈ ಮೂರಕ್ಕೂ ಕೆಟ್ಟ ಪ್ರಿಂಟ್ ಹೆಚ್ಚು: ಸವೆದ ರೀಲಿನ ನಕಲಿನ ನಕಲು. ಐದು ನಿಮಿಷದಲ್ಲಿ ಪರೀಕ್ಷಿಸಬಹುದು. ಗ್ರಾಂಟ್ ಕೋಟು ಹಾಕಿ ನಿಂತಿರುವ ಒಂದು ಕಡೆ ನಿಲ್ಲಿಸಿ. ಕಪ್ಪು ಕೋಟಿನಲ್ಲಿ ಮಡಿಕೆ, ಕಾಲರ್ ಗೆರೆ ಕಾಣಬೇಕು. ಮಸಿ ಬಳಿದಂತಿದ್ದರೆ ಬಿಡಿ. ಬಿಳಿ ಶರ್ಟಿನಲ್ಲಿ ಗುಂಡಿ ಕಾಣಬೇಕು. ಟ್ಯೂಬ್‌ಲೈಟಿನಂತೆ ಉರಿಯುತ್ತಿದ್ದರೆ ಬಿಡಿ. ‘ಶರೇಡ್’ನಲ್ಲಿ ಬಣ್ಣ ಗುಲಾಬಿಗೋ ಕಂದಿಗೋ ತಿರುಗಿದ್ದರೆ ಅದು ಬಣ್ಣ ಮಾಸಿದ ಪ್ರಿಂಟ್. ಕೊನೆಗೆ ಒಟ್ಟು ಅವಧಿ ನೋಡಿ: 92 ನಿಮಿಷದ ಚಿತ್ರ 88 ತೋರಿಸಿದರೆ ಪಾಲ್ ವೇಗದ ಪ್ರತಿ (ದನಿ ಸ್ವಲ್ಪ ಕೀರಲು ಕೇಳುತ್ತದೆ). ಅದಕ್ಕಿಂತಲೂ ಕಡಿಮೆಯಿದ್ದರೆ ಎಲ್ಲೋ ಕತ್ತರಿ ಬಿದ್ದಿದೆ.

ಟಿವಿಯ ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ. ಜೂಮ್ ಮಾಡಬಹುದೇ?

ಬೇಡ. 1953ಕ್ಕೆ ಮುಂಚಿನ ಚಿತ್ರಗಳ ಅಗಲ-ಎತ್ತರದ ಅನುಪಾತ 1.37, ಈಗಿನ ಟಿವಿಯದು 1.78. ಜೂಮ್ ಮಾಡಿದರೆ ಮೇಲೆ ಕೆಳಗೆ ಸೇರಿ ಚಿತ್ರದ ಸುಮಾರು ಕಾಲು ಭಾಗ ಹೋಗುತ್ತದೆ. ಯಾರ ನಟನೆ ಕಾಲಿನಲ್ಲಿದೆಯೋ ಅವರ ಕಾಲನ್ನೇ ಕತ್ತರಿಸಿದ ಹಾಗಾಯಿತು. ‘ಸ್ಟ್ರೆಚ್’ ಅಂತೂ ಇನ್ನೂ ಕೆಡುಕು, ಎಲ್ಲರೂ ಕುಳ್ಳಗೆ ದಪ್ಪಗೆ ಕಾಣುತ್ತಾರೆ.

ಇದರ ಎದುರು ತೊಂದರೆ ‘ಆ್ಯನ್ ಅಫೇರ್ ಟು ರಿಮೆಂಬರ್’ (1957) ಚಿತ್ರದ ಹಳೆಯ ಟಿವಿ ಪ್ರತಿಗಳಲ್ಲಿ. ಅದು ಸಿನಿಮಾಸ್ಕೋಪ್. ಹಳೆ ಚೌಕ ಟಿವಿಗೆ ಹಿಡಿಸಲು ಅಗಲದಲ್ಲಿ ನೂರಕ್ಕೆ ನಲವತ್ತು ಪಾಲಿಗೂ ಹೆಚ್ಚು ಕತ್ತರಿಸಿದ ಪ್ರತಿಗಳಿವೆ. ಇಬ್ಬರು ಎದುರುಬದುರು ನಿಂತು ಮಾತಾಡುವ ಕಡೆ ಒಬ್ಬರು ಫ್ರೇಮಿನಿಂದಲೇ ಆಚೆ!

ಟಿವಿಯ ಸೆಟ್ಟಿಂಗ್‌ನಲ್ಲಿ ಎರಡು ಕೆಲಸ ಮಾಡಿ. ಮೋಷನ್ ಸ್ಮೂತಿಂಗ್ (ಕಂಪನಿಗೊಂದು ಹೆಸರು ಇಟ್ಟಿರುತ್ತಾರೆ) ಆಫ್ ಮಾಡಿ, ಇಲ್ಲದಿದ್ದರೆ 1940ರ ಚಿತ್ರ ಇವತ್ತಿನ ಧಾರಾವಾಹಿಯಂತೆ ಜಾರುತ್ತದೆ. ಶಾರ್ಪ್‌ನೆಸ್ ಕಡಿಮೆ ಮಾಡಿ, ಫಿಲ್ಮಿನ ಕಣ ಮರಳಿನಂತೆ ಕುಣಿಯುವುದು ನಿಲ್ಲುತ್ತದೆ. ಐದು ಸ್ಪೀಕರ್ ಇದ್ದೂ ನಡುವಿನದೊಂದೇ ಮಾತಾಡುತ್ತಿದ್ದರೆ ರಿಪೇರಿಯವರನ್ನು ಕರೆಯಬೇಡಿ. ಆ ಕಾಲದ ಧ್ವನಿ ಮೋನೋ.

ಬಣ್ಣ ಹಾಕಿದ ಪ್ರತಿಗಳು?

1980ರ ದಶಕದಲ್ಲಿ ಕಂಪ್ಯೂಟರ್‌ನಿಂದ ಬಣ್ಣ ಬಳಿಯುವ ಹುಚ್ಚು ಹತ್ತಿತ್ತು, ಗ್ರಾಂಟ್ ಅವರ ‘ಟಾಪರ್’ (1937) ಅದಕ್ಕೆ ಮೊದಮೊದಲು ಸಿಕ್ಕ ಬಲಿ. ಅಂಥದ್ದೊಂದೇ ಸಿಕ್ಕರೆ ಟಿವಿಯಲ್ಲಿ ಕಲರ್ ಸೊನ್ನೆಗೆ ಇಳಿಸಿ ನೋಡಿ.

ಅಮೆರಿಕದಿಂದ ನೆಂಟರು ಬ್ಲೂ-ರೇ ತಂದುಕೊಟ್ಟರು, ನಮ್ಮ ಪ್ಲೇಯರ್‌ನಲ್ಲಿ ಓಡುತ್ತಿಲ್ಲ.

ರೀಜನ್ ಕೋಡ್. ಬ್ಲೂ-ರೇಗೆ ಅಮೆರಿಕ ‘ಎ’, ಬ್ರಿಟನ್ ‘ಬಿ’, ಭಾರತ ‘ಸಿ’. ಒಳ್ಳೆಯ ಪ್ರಿಂಟಿಗೆ ಹೆಸರಾದ ಕ್ರೈಟೀರಿಯನ್‌ನವರ ಅಮೆರಿಕನ್ ಡಿಸ್ಕುಗಳು ಸಾಮಾನ್ಯವಾಗಿ ‘ಎ’ಗೆ ಬೀಗ ಹಾಕಿದವು. ಡಿಸ್ಕಿನ ಡಬ್ಬಿಯ ಹಿಂಬದಿಯಲ್ಲಿ ಪುಟ್ಟ ಗುರುತಿನೊಳಗೆ ಅಕ್ಷರ ಇರುತ್ತದೆ. ಅಲ್ಲಿರುವ ಮಗನಿಗೋ ಅಳಿಯನಿಗೋ ಹೇಳಿ ತರಿಸುವ ಮೊದಲು ನಿಮ್ಮ ಪ್ಲೇಯರ್ ಎಲ್ಲ ರೀಜನ್ನೂ ಓದುತ್ತದೆಯೇ ನೋಡಿಕೊಳ್ಳಿ. ಡಿವಿಡಿಯ ಲೆಕ್ಕ ಬೇರೆ: ಅಮೆರಿಕ 1, ಭಾರತ 5.

ಅಳಿಸುವ ಚಿತ್ರ ಯಾವುದಿದೆ?

‘ಪೆನ್ನಿ ಸೆರೆನೇಡ್’ (1941). ಬೇರೆಯಾಗಲು ಹೊರಟ ಹೆಂಡತಿ ಒಂದೊಂದೇ ಗ್ರಾಮಫೋನ್ ಪ್ಲೇಟು ಹಾಕುತ್ತಾಳೆ, ಪ್ರತಿ ಹಾಡಿಗೂ ದಾಂಪತ್ಯದ ಒಂದು ತುಣುಕು ತೆರೆಯುತ್ತದೆ. ಮಕ್ಕಳಿಲ್ಲದ ಜೋಡಿ ಮಗುವನ್ನು ದತ್ತು ತೆಗೆದುಕೊಳ್ಳುತ್ತದೆ. ಗಂಡನ ಪತ್ರಿಕೆ ಮುಚ್ಚಿಹೋಗಿ ಸಂಪಾದನೆ ನಿಂತಾಗ ಮಗುವನ್ನು ಉಳಿಸಿಕೊಳ್ಳಲು ಅವನು ನ್ಯಾಯಾಧೀಶರ ಮುಂದೆ ಬೇಡಿಕೊಳ್ಳಬೇಕು. ಸದಾ ಮಾತಿನ ಮಲ್ಲನಾಗಿದ್ದ ನಟ ಇಲ್ಲಿ ತಡವರಿಸುತ್ತಾನೆ, ಪದ ಹುಡುಕುತ್ತಾನೆ. ಎರಡು ಗಂಟೆಯ ಚಿತ್ರ. ಮಧ್ಯೆ ತುಸು ಎಳೆದಿದೆ ಎಂಬುದನ್ನು ಒಪ್ಪೋಣ.

‘ನನ್ ಬಟ್ ದಿ ಲೋನ್ಲಿ ಹಾರ್ಟ್’ (1944) ಲಂಡನ್ನಿನ ಬಡ ಕೇರಿಯ ತಾಯಿ-ಮಗನ ಕಥೆ. ಗ್ರಾಂಟ್ ಒಂಬತ್ತು ವರ್ಷದವರಿದ್ದಾಗ ತಾಯಿಯನ್ನು ಮನೋರೋಗಿಗಳ ಆಸ್ಪತ್ರೆಗೆ ಸೇರಿಸಲಾಗಿತ್ತು. ಮಗನಿಗೆ ಹೇಳಿದ್ದು ಬೇರೆ. ಆಕೆ ಬದುಕಿದ್ದಾರೆಂದು ತಿಳಿದದ್ದು ಮೂವತ್ತು ದಾಟಿದ ಮೇಲೆ, ತಾರೆಯಾದ ಮೇಲೆ. ಇದನ್ನು ತಿಳಿದು ನೋಡಿದರೆ ಆ ಚಿತ್ರ ಇನ್ನೊಂದು ತೂಕದ್ದು.

‘ನಟೋರಿಯಸ್’ನ ಮುತ್ತಿನ ದೃಶ್ಯದ ಬಗ್ಗೆ ಅಷ್ಟೊಂದು ಮಾತೇಕೆ?

ಕೋಡ್ ಪ್ರಕಾರ ತುಟಿಗೆ ತುಟಿ ಮೂರು ಸೆಕೆಂಡ್ ಮೀರುವಂತಿರಲಿಲ್ಲ ಎಂಬುದು ಪ್ರಸಿದ್ಧ. ನಿರ್ದೇಶಕ ಹಿಚ್‌ಕಾಕ್ ಮಿತಿ ಮೀರಲಿಲ್ಲ. ಮತ್ತೆ ಮತ್ತೆ ಶುರು ಮಾಡಿಸಿದರು. ರಿಯೋ ನಗರದ ಬಾಲ್ಕನಿಯಲ್ಲಿ ಗ್ರಾಂಟ್, ಇಂಗ್ರಿಡ್ ಬರ್ಗ್‌ಮನ್. ಒಂದು ಚುಟುಕು ಮುತ್ತು, ರಾತ್ರಿಗೆ ಕೋಳಿ ಬೇಯಿಸುವ ಮಾತು, ಮತ್ತೊಂದು ಮುತ್ತು, ತಬ್ಬಿಕೊಂಡೇ ಫೋನಿನವರೆಗೆ ನಡಿಗೆ, ಫೋನ್ ಕಿವಿಯಲ್ಲಿರುವಾಗ ಇನ್ನೊಂದು, ಬಾಗಿಲವರೆಗೆ ಮತ್ತೆ ನಡಿಗೆ. ಎರಡೂವರೆ ನಿಮಿಷ, ಕ್ಯಾಮೆರಾ ಒಮ್ಮೆಯೂ ದೂರ ಸರಿಯುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ಯಾವುದೂ ಮೂರು ಸೆಕೆಂಡಿಲ್ಲ, ನೋಡುವವರಿಗೆ ಇಡೀ ದೃಶ್ಯವೇ ಒಂದು ಮುತ್ತು.

ಅದಾದ ಕೂಡಲೇ ಬರುವುದನ್ನು ಬಿಡಬೇಡಿ. ಗ್ರಾಂಟ್ ಇಲ್ಲಿ ಗುಪ್ತಚರ. ಶಾಂಪೇನ್ ಬಾಟಲಿ ತರುತ್ತೇನೆಂದು ಹೋದವನಿಗೆ ಮೇಲಧಿಕಾರಿಗಳು ಅವಳನ್ನು ಎಂಥ ಕೆಲಸಕ್ಕೆ ಕಳಿಸುತ್ತಿದ್ದಾರೆಂದು ಗೊತ್ತಾಗುತ್ತದೆ. ಬಾಟಲಿ ಅಲ್ಲೇ ಮೇಜಿನ ಮೇಲೆ ಉಳಿಯುತ್ತದೆ. ಅಲ್ಲಿಂದ ಮುಂದೆ ಗ್ರಾಂಟ್ ಮುಖ ಕಲ್ಲು. ಕಾಮಿಡಿಯಲ್ಲಿ ಕಂಡ ಅದೇ ಹುಬ್ಬು, ಅದೇ ಕಣ್ಣು, ಇಲ್ಲಿ ಕ್ರೂರವಾಗಿ ಕಾಣುತ್ತದೆ.

‘ಆ್ಯನ್ ಅಫೇರ್ ಟು ರಿಮೆಂಬರ್’ ಕಥೆ ಎಲ್ಲೋ ನೋಡಿದಂತಿದೆಯಲ್ಲ?

ಆಮೀರ್ ಖಾನ್ ಅವರ ‘ಮನ್’ (1999) ನೋಡಿರಬೇಕು. ಇನ್ನೂ ಹಿಂದಕ್ಕೆ ಹೋದರೆ ಇದೇ ನಿರ್ದೇಶಕ ಲಿಯೋ ಮೆಕ್ಯಾರಿ 1939ರಲ್ಲಿ ‘ಲವ್ ಅಫೇರ್’ ಎಂದು ಇದನ್ನೇ ತೆಗೆದಿದ್ದರು, ಆಗಿನ ನಾಯಕಿ ಐರೀನ್ ಡನ್. 1957ರದಕ್ಕೆ ಡೆಬ್ರಾ ಕರ್. ಹಡಗಿನಲ್ಲಿ ಭೇಟಿ, ಆರು ತಿಂಗಳ ಬಳಿಕ ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ ಸೇರುವ ಮಾತು. ಮೊದಲರ್ಧ ಹಗುರ, ಎರಡನೆಯದರಲ್ಲಿ ಮಕ್ಕಳ ಹಾಡುಗಳು ಬಂದು ತಾಳ್ಮೆ ಕೆಡಿಸುತ್ತವೆ. ಆದರೂ ಕೊನೆಯ ಹತ್ತು ನಿಮಿಷಕ್ಕಾಗಿ ಕಾಯಿರಿ, ಫೋನ್ ಪಕ್ಕಕ್ಕಿಡಿ. ಗ್ರಾಂಟ್ ಮಾತಾಡುತ್ತಾ ಕೋಣೆಯಲ್ಲಿ ಅಡ್ಡಾಡುವುದನ್ನು ಗಮನಿಸಿ. ಮಾತು ಒಂದು ಹೇಳುತ್ತಿರುತ್ತದೆ, ಕಾಲು ಇನ್ನೊಂದು.

ನಾಯಕಿಯರಿಗೂ ಅವರಿಗೂ ವಯಸ್ಸಿನ ಅಂತರ ಮುಜುಗರ ತರುವುದಿಲ್ಲವೇ?

ತರುತ್ತದೆ, ಅವರಿಗೂ ತಂದಿತ್ತು. ಶುರುವಿನಲ್ಲಿ ಹೀಗಿರಲಿಲ್ಲ: ಐರೀನ್ ಡನ್ ಗ್ರಾಂಟ್‌ಗಿಂತ ಐದು ವರ್ಷ ದೊಡ್ಡವರು, ಕ್ಯಾಥರಿನ್ ಹೆಪ್‌ಬರ್ನ್ ಮೂರು ವರ್ಷ ಚಿಕ್ಕವರು. 1950ರ ದಶಕಕ್ಕೆ ಬಂದರೆ ಗ್ರೇಸ್ ಕೆಲಿ 25 ವರ್ಷ ಚಿಕ್ಕವರು, ಸೋಫಿಯಾ ಲೊರೆನ್ 30. ‘ಶರೇಡ್’ ಹೊತ್ತಿಗೆ ಆಡ್ರಿಗೂ ಅವರಿಗೂ 25 ವರ್ಷದ ಅಂತರ. ಗ್ರಾಂಟ್ ಒತ್ತಾಯದ ಮೇರೆಗೆ ಚಿತ್ರಕಥೆಯನ್ನು ತಿರುವಿ ಹಾಕಿದರು: ಬೆನ್ನು ಹತ್ತುವವಳು ಅವಳು, ‘ನನಗೆ ವಯಸ್ಸಾಯಿತು’ ಎಂದು ತಪ್ಪಿಸಿಕೊಳ್ಳುವವನು ಇವನು. ಕೊನೆಯ ಚಿತ್ರ ‘ವಾಕ್, ಡೋಂಟ್ ರನ್’ (1966) ಟೋಕಿಯೋ ಒಲಿಂಪಿಕ್ಸ್ ಹಿನ್ನೆಲೆಯದು. ಅದರಲ್ಲಿ ಪ್ರೇಮಿಯೇ ಅಲ್ಲ, ಜೋಡಿ ಕೂಡಿಸುವ ಹಿರಿಯ. ಅದೇ ವರ್ಷ ಮಗಳು ಹುಟ್ಟಿದಳು. 62ಕ್ಕೆ ನಟನೆ ಬಿಟ್ಟವರು ಮತ್ತೆ ಬಣ್ಣ ಹಚ್ಚಲಿಲ್ಲ. 1986ರ ನವೆಂಬರ್ 29ರಂದು ತೀರಿಕೊಂಡರು.

ಆಸ್ಕರ್ ಸಿಕ್ಕಿತೇ?

ನಟನೆಗೆ ಇಲ್ಲ. ಎರಡು ನಾಮನಿರ್ದೇಶನ, ಮೇಲೆ ಹೇಳಿದ ಎರಡೂ ಅಳುವ ಚಿತ್ರಗಳಿಗೇ. ನಗಿಸಿದ್ದಕ್ಕೆ ಒಂದೂ ಇಲ್ಲ. 1930ರ ದಶಕದ ಮಧ್ಯದಲ್ಲೇ ಪ್ಯಾರಾಮೌಂಟ್ ಬಿಟ್ಟು ಸ್ವತಂತ್ರವಾಗಿ ಕೆಲಸ ಮಾಡಿದ್ದರಿಂದ ಮತಕ್ಕಾಗಿ ಓಡಾಡುವ ಸ್ಟುಡಿಯೋ ಬೆನ್ನಿಗಿರಲಿಲ್ಲ ಎಂಬುದೂ ಒಂದು ಕಾರಣ. 1970ರಲ್ಲಿ ಗೌರವ ಆಸ್ಕರ್ ಕೊಟ್ಟರು, ಕೊಟ್ಟವರು ಫ್ರ್ಯಾಂಕ್ ಸಿನಾಟ್ರಾ.

ಮನೆಮಂದಿಯೆಲ್ಲ ಕೂತು ನೋಡಬಹುದೇ? ಇವತ್ತಿಗೆ ಕಸಿವಿಸಿಯಾಗುವಂಥದ್ದು ಏನಾದರೂ?

ಕೋಡ್ ದೆಸೆಯಿಂದ ರಿಮೋಟ್ ಹುಡುಕಬೇಕಾದ ದೃಶ್ಯಗಳಿಲ್ಲ. ಕುಡಿತ, ಸಿಗರೇಟು ಮಾತ್ರ ಯಥೇಚ್ಛ. ಮಕ್ಕಳಿಗೆ ‘ಹೌಸ್‌ಬೋಟ್’ (1958), ‘ಫಾದರ್ ಗೂಸ್’ (1964) ಹಿಡಿಸುತ್ತವೆ. ‘ಶರೇಡ್’ನಲ್ಲಿ ಹೆಣಗಳ ಮುಖ ಹತ್ತಿರದಿಂದ ತೋರಿಸುತ್ತಾರೆ, ಚಿಕ್ಕವರಿದ್ದರೆ ನೋಡಿಕೊಳ್ಳಿ.

ಕಸಿವಿಸಿಯ ಮಾತಿಗೆ ಬಂದರೆ, ‘ದಿ ಫಿಲಡೆಲ್ಫಿಯಾ ಸ್ಟೋರಿ’ ತೆರೆದುಕೊಳ್ಳುವುದೇ ಗಂಡ ಹೆಂಡತಿಯ ಮುಖಕ್ಕೆ ಅಂಗೈ ಹಾಕಿ ನೆಲಕ್ಕೆ ತಳ್ಳುವುದರಿಂದ. ಆಗ ಅದು ನಗುವಿಗಾಗಿ, ಈಗ ನಗು ಬರುವುದಿಲ್ಲ. ಹಲವು ಚಿತ್ರಗಳಲ್ಲಿ ಕಪ್ಪು ಜನರು ಬರೀ ಆಳುಗಳು. ‘ಗಂಗಾ ದಿನ್’ (1939) ಪ್ರೇಮಕಥೆಯಲ್ಲ, ಆದರೂ ಭಾರತದ ಹೆಸರು ನೋಡಿ ಹಲವರು ಕೇಳುತ್ತಾರೆ: ಅದರ ‘ಭಾರತ’ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಗುಡ್ಡಗಳು, ನೀರು ಹೊರುವ ಗಂಗಾ ದಿನ್ ಆದವರು ಮೈಗೆ ಕಂದು ಬಳಿದುಕೊಂಡ ಸ್ಯಾಮ್ ಜಾಫಿ. ಸಾಹಸ ದೃಶ್ಯಗಳ ಕಟ್ಟುವಿಕೆ ಸೊಗಸು, ನೋಟ ಪೂರ್ತಿ ಬಿಳಿ ಸಾಹೇಬರದು.

‘ಜೂಡಿ, ಜೂಡಿ, ಜೂಡಿ’ ಯಾವ ಚಿತ್ರದ್ದು?

ಯಾವುದರದ್ದೂ ಅಲ್ಲ. ಮಿಮಿಕ್ರಿ ಕಲಾವಿದರು ಗ್ರಾಂಟ್ ಮಾತೆಂದು ಕಟ್ಟಿದ್ದು, ಗ್ರಾಂಟ್ ಯಾವ ಚಿತ್ರದಲ್ಲೂ ಹಾಗೆ ಹೇಳಿಲ್ಲ. ‘ಆರ್ಚಿ ಲೀಚ್’ ಎಂಬ ಸ್ವಂತ ಹೆಸರನ್ನು ಮಾತ್ರ ‘ಹಿಸ್ ಗರ್ಲ್ ಫ್ರೈಡೇ’ಯಲ್ಲಿ ಒಂದು ಮಾತಿನ ನಡುವೆ ತೂರಿಸಿದ್ದಾರೆ. ಚಿತ್ರದ ಕೊನೆಯ ಭಾಗದಲ್ಲಿ ಬರುತ್ತದೆ, ಕಿವಿಗೊಟ್ಟು ಕಾಯಿರಿ.

ಒಂದೇ ಹೆಸರಿನ ಎರಡೆರಡು ಚಿತ್ರ ಸಿಗುತ್ತಿವೆ.

ವರ್ಷ ನೋಡಿ. ‘ಮಂಕಿ ಬಿಸಿನೆಸ್’ ಗ್ರಾಂಟ್ ಅವರದು 1952 (ಮರ್ಲಿನ್ ಮನ್ರೋ ಸಣ್ಣ ಪಾತ್ರದಲ್ಲಿ). 1931ರದು ಮಾರ್ಕ್ಸ್ ಸೋದರರದು. ‘ಹಾಲಿಡೇ’ ಬೇಕಾದ್ದು 1938, 1930ರದೂ ಒಂದಿದೆ.

ಇವನ್ನೆಲ್ಲ ಮುಗಿಸಿದೆ. ಮುಂದೆ?

ಗ್ರಾಂಟ್ ಅವರದೇ ಆದರೆ ‘ಇನ್‌ಡಿಸ್ಕ್ರೀಟ್’ (1958). ಪರದೆಯನ್ನು ಎರಡು ಪಾಲು ಮಾಡಿ, ಬೇರೆ ಬೇರೆ ಊರಿನಲ್ಲಿ ಮಲಗಿರುವ ಇಬ್ಬರನ್ನು ಒಂದೇ ಹಾಸಿಗೆಯಲ್ಲಿದ್ದಂತೆ ತೋರಿಸುವ ಫೋನ್ ದೃಶ್ಯವಿದೆ; ಕೋಡಿಗೆ ಮತ್ತೊಂದು ಚಳ್ಳೆಹಣ್ಣು. ಬೇರೆಯವರದಾದರೆ ವಿಲಿಯಂ ಪವೆಲ್ ಅವರ ‘ಮೈ ಮ್ಯಾನ್ ಗಾಡ್‌ಫ್ರಿ’ (1936), ಸ್ಟೀವರ್ಟ್ ಅವರ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ (1940). ಗಾಡ್‌ಫ್ರಿಗೂ ಕಾಪಿರೈಟ್ ಇಲ್ಲ, ಕೋಟಿನ ಮಡಿಕೆಯ ಪರೀಕ್ಷೆ ಅದಕ್ಕೂ ಮಾಡಿ.